ಇತಿಹಾಸದ ದಪ್ಪ ಪುಸ್ತಕ ಆಮೇಲೆ, ಮೊದಲು ಒಂದು ಶಾಸನ ಓದಿ

ಹೋದ ತಿಂಗಳು ತಂಗಿಯ ಮಗ ಫೋನ್ ಮಾಡಿದ್ದ. "ಮಾವ, ಕರ್ನಾಟಕದ ಹಳೇ ಇತಿಹಾಸ ಸರಿಯಾಗಿ ಓದ್ಬೇಕು, ಯಾವ ಪುಸ್ತಕ ತಗೊಳ್ಲಿ?" ಅಂದ. ಪರೀಕ್ಷೆಗೇನೂ ಅಲ್ಲ, ಸುಮ್ನೆ ಆಸಕ್ತಿ. ಪುಸ್ತಕ ಬೇಡ, ಒಂದು ಶಾಸನ ಓದು ಅಂದೆ. ಎರಡು ನಿಮಿಷದಲ್ಲಿ ಏನೋ ನೆಪ ಹೇಳಿ ಫೋನ್ ಇಟ್ಟ. ತಪ್ಪು ನನ್ನದೇ, ಬಿಡಿಸಿ ಹೇಳಲಿಲ್ಲ. ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ, ಅವನು ಓದಿದರೆ ಓದಲಿ.

ನಾನು ಶುರು ಮಾಡಿದ್ದೂ ದಪ್ಪ ಪುಸ್ತಕದಿಂದಲೇ. ಕದಂಬರ ಅಧ್ಯಾಯದಲ್ಲಿ ಮಯೂರಶರ್ಮನ ಕಥೆ ಇತ್ತು. ಅದೇ, ಓದಲು ಕಂಚಿಗೆ ಹೋದ ಹುಡುಗ, ಅಲ್ಲಿ ಪಲ್ಲವರವನ ಜೊತೆ ಜಗಳ, ಸಿಟ್ಟಿನಿಂದ ಕತ್ತಿ ಹಿಡಿದು ರಾಜ್ಯ ಕಟ್ಟಿದ್ದು. ಶಾಲೆಯಲ್ಲಿ ಓದಿ, ಸಿನಿಮಾದಲ್ಲಿ ನೋಡಿ, ಇದು ಯಾರೋ ಕಟ್ಟಿದ ಕಥೆ ಅಂತಲೇ ಅಂದುಕೊಂಡಿದ್ದೆ. ಆ ಪುಟದ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಅಡಿಟಿಪ್ಪಣಿ: "ಇ.ಸಿ. 7, ಎಸ್‌ಕೆ 176". ಇದೇನು ಬಸ್ ನಂಬರೋ ಅಂದುಕೊಂಡು ಪುಟ ತಿರುಗಿಸಿದ್ದೆ. ಆ ಗುಟ್ಟು ಗೊತ್ತಾಗೋಕೆ ಇನ್ನೂ ಎರಡು ವರ್ಷ ಹಿಡಿಯಿತು ಅಂದರೆ ನಗಬೇಡಿ.

ಇ.ಸಿ. ಅಂದರೆ ಎಪಿಗ್ರಾಫಿಯಾ ಕರ್ನಾಟಿಕಾ. ಬಿ.ಎಲ್. ರೈಸ್ ಹೊರತಂದ ಶಾಸನ ಸಂಪುಟಗಳು. ರೈಸ್ ಹುಟ್ಟಿದ್ದು ಬೆಂಗಳೂರಿನಲ್ಲೇ, 1837ರಲ್ಲಿ. ಅಪ್ಪ ಪಾದ್ರಿ. ಇವರು ಮೊದಲು ಮೇಷ್ಟ್ರು, ಆಮೇಲೆ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯ ಅಧಿಕಾರಿ, ಕೊನೆಗೆ ಪುರಾತತ್ವ ಇಲಾಖೆಯ ಮುಖ್ಯಸ್ಥ. 1886ರಲ್ಲಿ ಕೊಡಗಿನ ಸಂಪುಟ ಬಂತು, 1905ರ ಹೊತ್ತಿಗೆ ಒಟ್ಟು 12 ಸಂಪುಟ, ಸುಮಾರು 9,000 ಶಾಸನ. ಒಬ್ಬರೇ ಮಾಡಿದ ಕೆಲಸವೇನಲ್ಲ. ಇಲಾಖೆಯ ಪಂಡಿತರು ಊರೂರು ಸುತ್ತಿ ತಂದ ಪಾಠಗಳವು, ಅಂದರೆ ಕಲ್ಲಿನ ಮೇಲಿನ ಬರಹದ ನಕಲು. ಹೆಸರು ಮಾತ್ರ ರೈಸ್ ಅವರದ್ದು ಉಳಿಯಿತು. ಪಡಿಯಚ್ಚು ತೆಗೆಯುವುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಕಲ್ಲನ್ನು ಉಜ್ಜಿ ತೊಳೆಯಬೇಕು, ಒದ್ದೆ ಕಾಗದ ಹಾಸಬೇಕು, ಕಾಗದ ಅಕ್ಷರದ ಗುಳಿಗೆ ಇಳಿಯುವ ತನಕ ಬ್ರಷ್ಷಿನಿಂದ ಬಡಿಯಬೇಕು, ಆಮೇಲೆ ಮಸಿ ಒತ್ತಬೇಕು. ಅಕ್ಷರ ಬೆಳ್ಳಗೆ, ಸುತ್ತ ಕಪ್ಪಗೆ ಎದ್ದು ಬರುತ್ತದೆ. ಗಾಳಿ ಬಂದರೆ ಕಾಗದ ಹಾರಿ ಮತ್ತೆ ಮೊದಲಿಂದ.

ಇನ್ನು ಎಸ್‌ಕೆ. ಅದು ಶಿಕಾರಿಪುರ ತಾಲೂಕು. ಎಸ್‌ಬಿ ಅಂದರೆ ಸೊರಬ. ಪಕ್ಕದ್ದು ಶಾಸನದ ನಂಬರು. ಇಷ್ಟೇ ಗುಟ್ಟು. ಜಿಲ್ಲೆಗೊಂದು ಸಂಪುಟ, ಶಿವಮೊಗ್ಗ ಮೈಸೂರಿನಂಥ ದೊಡ್ಡ ಜಿಲ್ಲೆಗೆ ಎರಡು. ಆದರೆ ಜಿಲ್ಲೆಗಳು ಅವತ್ತಿನವು, ಹೆಸರುಗಳೂ ಅವತ್ತಿನವು. ಚಿಂತಾಮಣಿ, ಬಾಗೇಪಲ್ಲಿ ಬೇಕಾದರೆ ಕೋಲಾರದ ಸಂಪುಟ ನೋಡಬೇಕು, ಮಾಗಡಿಗೆ ಬೆಂಗಳೂರಿನದ್ದು, ಕನಕಪುರ ಹುಡುಕುವವರು ಕಾನಕಾನಹಳ್ಳಿ ಅಂತ ಹುಡುಕಬೇಕು, ಚಿಕ್ಕಮಗಳೂರು ಸಿಗುವುದು ಕಡೂರು ಜಿಲ್ಲೆ ಅನ್ನುವ ಹೆಸರಿನಲ್ಲಿ. ಇದರ ಮೇಲೆ ಇನ್ನೊಂದು ತಲೆನೋವಿದೆ. 1970ರ ದಶಕದಿಂದ ಮೈಸೂರು ವಿಶ್ವವಿದ್ಯಾನಿಲಯ ಪರಿಷ್ಕೃತ ಸಂಪುಟಗಳನ್ನು ತಂದಿತು. ಪಾಠ ಅದರಲ್ಲಿ ಚೆನ್ನಾಗಿದೆ, ಹೊಸ ಶಾಸನಗಳೂ ಸೇರಿವೆ, ಆದರೆ ಸಂಪುಟ ಮತ್ತು ನಂಬರು ಎರಡೂ ಬದಲಾಗಿವೆ. ಹಾಗಾಗಿ ಯಾರಾದರೂ ಇ.ಸಿ. ಅಂತ ಬರೆದಿದ್ದರೆ ಹಳೆಯದೋ ಹೊಸದೋ ಅಂತ ಮೊದಲು ಕೇಳಿಕೊಳ್ಳಿ.

ಸರಿ, 176 ತೆರೆದೆ. ತಾಳಗುಂದದ ಕಂಬದ ಶಾಸನ, ಐದನೇ ಶತಮಾನದ್ದು, ಸಂಸ್ಕೃತ ಪದ್ಯ. ನನ್ನ ಸಂಸ್ಕೃತ ಹೈಸ್ಕೂಲಿಗೇ ನಿಂತದ್ದು, ಪದ ಪದ ಬಿಡಿಸಿಕೊಂಡು ಹೋದೆ. ಕಥೆ ಅಲ್ಲೇ ಇತ್ತು! ಮಯೂರಶರ್ಮ ಗುರು ವೀರಶರ್ಮನ ಜೊತೆ ಕಂಚಿಗೆ ಹೋಗುತ್ತಾನೆ. ಘಟಿಕೆಯಲ್ಲಿ, ಅಂದರೆ ಅಲ್ಲಿನ ವಿದ್ಯಾಕೇಂದ್ರದಲ್ಲಿ, ಓದಬೇಕು ಅಂತ. ಅಲ್ಲಿ "ಪಲ್ಲವಾಶ್ವಸಂಸ್ಥೇನ ಕಲಹೇನ ತೀವ್ರೇಣ ರೋಷಿತಃ". ಜೋರು ಜಗಳ ಆಗಿ ಅವನಿಗೆ ಸಿಟ್ಟು ಬಂತು. ಜಗಳ ಯಾರ ಜೊತೆ? ಅಶ್ವಸಂಸ್ಥ ಅಂತಿದೆ. ಪಲ್ಲವರ ಕುದುರೆಸವಾರ ಅಂತ ಸಾಮಾನ್ಯವಾಗಿ ಅರ್ಥ ಮಾಡುತ್ತಾರೆ. ಅಶ್ವಮೇಧಕ್ಕೆ ಸಂಬಂಧಿಸಿದ ಗಲಾಟೆ ಇರಬೇಕು ಅಂತ ವಾದಿಸಿದವರೂ ಇದ್ದಾರೆ. ಅಂದರೆ ನಾನು ಶಾಲೆಯಲ್ಲಿ ಉರು ಹೊಡೆದ ಆ ಕುದುರೆಸವಾರ ಒಂದು ಸಮಾಸದ ಮೇಲೆ ನಿಂತಿದ್ದಾನೆ! ದಪ್ಪ ಪುಸ್ತಕದಲ್ಲಿ ಈ ಅನುಮಾನ ಇರಲಿಲ್ಲ. ಒಂದೇ ಸಾಲು, ಪೂರ್ಣವಿರಾಮ, ಮುಂದಕ್ಕೆ.

ಸ್ವಲ್ಪ ಮುಂದೆ ಬರುವ ಒಂದು ಪದ್ಯ ನನಗೆ ಬಹಳ ಇಷ್ಟ. ದರ್ಭೆ, ಸಮಿತ್ತು, ಕಲ್ಲು, ಸ್ರುಕ್ಕು, ತುಪ್ಪ, ಚರು ಇವುಗಳನ್ನೆಲ್ಲ ಹಿಡಿದು ಪಳಗಿದ ಕೈಯಿಂದ ಅವನು ಹೊಳೆಯುವ ಕತ್ತಿ ಎಳೆದ ಅಂತ ಬರೆಯುತ್ತಾನೆ ಕವಿ. ಕವಿಯ ಹೆಸರು ಕುಬ್ಜ. ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆ ಅಂತ ಕೊನೆಯಲ್ಲಿ ಹೇಳಿಕೊಂಡಿದ್ದಾನೆ. ಇಷ್ಟೆಲ್ಲಾ ಬರೆಸಿದ್ದು ಏತಕ್ಕೆ ಗೊತ್ತಾ? ಮಯೂರಶರ್ಮನ ವಂಶದ ಕಾಕುಸ್ಥವರ್ಮ ಅಲ್ಲಿನ ಶಿವನ ಗುಡಿಗೆ ಒಂದು ಕೆರೆ ತೋಡಿಸಿದ, ಅದನ್ನು ಹೇಳೋಕೆ. ಕೆರೆಯ ಬೋರ್ಡಿನಲ್ಲಿ ಒಂದು ರಾಜವಂಶದ ಹುಟ್ಟು ಸಿಕ್ಕಿಬಿಟ್ಟಿದೆ.

ಆಮೇಲೆ ತಾಳಗುಂದಕ್ಕೂ ಹೋದೆ. ಶಿರಾಳಕೊಪ್ಪದಿಂದ ಹತ್ತಿರ. ಪ್ರಣವೇಶ್ವರ ಗುಡಿಯ ಮುಂದೆ ಕಂಬ ನಿಂತಿದೆ. ಸಾಲುಗಳು ಅಡ್ಡಕ್ಕಿಲ್ಲ, ಕಂಬದ ಉದ್ದಕ್ಕೆ ಇವೆ. ಕತ್ತು ವಾರೆ ಮಾಡಿಕೊಂಡು ನೋಡಬೇಕು. ನಾನು ಹಾಗೆ ನಿಂತಿದ್ದನ್ನು ನೋಡಿ ದನ ಹೊಡೆದುಕೊಂಡು ಹೋಗುತ್ತಿದ್ದ ಅಜ್ಜ ಒಬ್ಬರು, "ಕತ್ತು ಉಳುಕಿದ್ಯಾ?" ಅಂತ ವಿಚಾರಿಸಿ ಹೋದರು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದು ಗೊತ್ತಿಲ್ಲದೆ ನಾನು ಒಂದು ಇಡೀ ಭಾನುವಾರ ಹಾಳು ಮಾಡಿಕೊಂಡಿದ್ದೇನೆ. ರೈಸ್ ಅವರ ಸಂಪುಟಗಳಲ್ಲಿ ಇರುವುದು ಹಳೇ ಮೈಸೂರು ಮತ್ತು ಕೊಡಗು ಮಾತ್ರ. ಐಹೊಳೆ, ಬಾದಾಮಿ, ಬಳ್ಳಾರಿ ಅಲ್ಲಿ ಸಿಗುವುದಿಲ್ಲ. ರವಿಕೀರ್ತಿ ಬರೆದ ಇಮ್ಮಡಿ ಪುಲಕೇಶಿಯ ಐಹೊಳೆ ಶಾಸನ, ಅಂದರೆ ಶಕ ವರ್ಷ 556ರದ್ದು, ಬೇಕಾದರೆ ಎಪಿಗ್ರಾಫಿಯಾ ಇಂಡಿಕಾದ ಆರನೇ ಸಂಪುಟ ನೋಡಿ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಶಾಸನ ವಿದ್ವಾಂಸ ಫ್ಲೀಟ್ ಪ್ರಕಟಿಸಿದ್ದು ಇಂಡಿಯನ್ ಆಂಟಿಕ್ವರಿಯಲ್ಲಿ. ಧಾರವಾಡ, ಬಿಜಾಪುರ ಕಡೆಯವು ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಶನ್ಸ್‌ನ 11ನೇ ಸಂಪುಟದಲ್ಲಿ ಬಹಳ ಇವೆ, ಬಳ್ಳಾರಿ ಕಡೆಯವಕ್ಕೆ 9ನೇ ಸಂಪುಟ. ಈ ಎರಡರಲ್ಲೂ ಅನುವಾದ ಇಲ್ಲ. ಮೇಲೆ ನಾಲ್ಕು ಸಾಲು ಇಂಗ್ಲಿಷ್ ಸಾರಾಂಶ, ಕೆಳಗೆ ಮೂಲ. ರೈಸ್ ಅವರಲ್ಲಿ ಅನುವಾದ, ರೋಮನ್ ಲಿಪಿಯ ಪಾಠ, ಕನ್ನಡ ಲಿಪಿಯ ಪಾಠ ಮೂರೂ ಇರುವುದರಿಂದ ಹೊಸಬರಿಗೆ ಅದೇ ಸಲೀಸು. ಮುನ್ನುಡಿಯಲ್ಲಿ ಅವರು ಬರೆದ ಇತಿಹಾಸ ಈಗ ಹಳತಾಗಿದೆ, ಅದನ್ನು ಹಾರಿಸಿದರೂ ನಷ್ಟವಿಲ್ಲ.

ಪುಸ್ತಕ ಎಲ್ಲಿ ಸಿಗುತ್ತದೆ ಅಂತ ಕೇಳುತ್ತೀರಿ. ಹಳೆಯ ಸಂಪುಟಗಳ ಸ್ಕ್ಯಾನ್ ಆರ್ಕೈವ್ ತಾಣದಲ್ಲಿ ಪುಕ್ಕಟೆ ಇವೆ. ನಾನು ಜಾಣ, ಕೈಯಲ್ಲಿ ಹಿಡಿದು ಓದೋಣ ಅಂತ ಆನ್‌ಲೈನಿನಲ್ಲಿ ಒಂದು ಮರುಮುದ್ರಣ ತರಿಸಿದೆ. ದುಡ್ಡು ಜಾಸ್ತಿಯೇ ಆಯಿತು. ಬಂದದ್ದು ನೋಡಿದರೆ ಅದೇ ಸ್ಕ್ಯಾನನ್ನು ಅಚ್ಚು ಹಾಕಿ ರಟ್ಟು ಹೊಲಿದಿದ್ದಾರೆ, ಮಡಚಿದ ಚಿತ್ರಪಟಗಳನ್ನು ಬಿಚ್ಚದೇ ಸ್ಕ್ಯಾನ್ ಮಾಡಿರುವುದರಿಂದ ಅರ್ಧ ಶಾಸನ ಒಳಗೇ ಉಳಿದಿದೆ, ಸಾಲದ್ದಕ್ಕೆ ಕನ್ನಡ ಪಾಠದ ಭಾಗ ಪೂರ್ತಿ ಮಾಯ. ವಾಪಸ್ ಕಳಿಸುತ್ತೇನೆ ಅಂದರೆ ಅವಧಿ ಮುಗಿದಿದೆ ಅಂದರು. ಈಗ ಅದು ಮಾನಿಟರ್ ಕೆಳಗೆ ಎತ್ತರಕ್ಕೆ ಇದೆ. ಸ್ಕ್ಯಾನ್‌ನಲ್ಲಿ ಕನ್ನಡ ಪದ ಹಾಕಿ ಹುಡುಕೋಕೆ ಹೋಗಬೇಡಿ, ಹಳೇ ಅಚ್ಚುಮೊಳೆ ಕಂಪ್ಯೂಟರಿಗೆ ಅರ್ಥವಾಗುವುದಿಲ್ಲ. ಊರಿನ ಹೆಸರಿನ ಪಟ್ಟಿಗೆ ಹೋಗಿ ಕೈಬೆರಳಿನಿಂದ ಹುಡುಕುವುದೇ ಬೇಗ.

ಭಾಷೆಗೆ ಹೆದರಬೇಡಿ ಅಂತ ಸುಳ್ಳು ಹೇಳುವುದಿಲ್ಲ, ಮೊದಮೊದಲು ಹೆದರಿಕೆಯೇ. ಆದರೆ ಹತ್ತು ಶಾಸನ ಓದಿದ ಮೇಲೆ ಅರ್ಧಕ್ಕರ್ಧ ಸಿದ್ಧಮಾತು ಅಂತ ತಿಳಿಯುತ್ತದೆ. ಕಲ್ಯಾಣ ಚಾಲುಕ್ಯರದ್ದಾದರೆ "ಸ್ವಸ್ತಿ ಸಮಸ್ತಭುವನಾಶ್ರಯ ಶ್ರೀಪೃಥ್ವೀವಲ್ಲಭ ಮಹಾರಾಜಾಧಿರಾಜ" ಅಂತ ಶುರುವಾಗಿ ಉಸಿರು ಕಟ್ಟುವ ತನಕ ಹೋಗುತ್ತದೆ. ಕೊನೆಯಲ್ಲಿ ಶಾಪ. ಕೊಟ್ಟ ಭೂಮಿ ಕಿತ್ತುಕೊಂಡವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳವಾಗಿ ಹುಟ್ಟುತ್ತಾನೆ, ವಾರಣಾಸಿಯಲ್ಲಿ ಸಾವಿರ ಕವಿಲೆ ಕೊಂದ ಪಾಪ ಬರುತ್ತದೆ. ತಲೆ ಬಾಲ ಬಿಟ್ಟು ನಡುವಿನದ್ದು ಓದಿ. ಎಷ್ಟು ಮತ್ತರು (ಆಗಿನ ಭೂಮಿಯ ಅಳತೆ) ಗದ್ದೆ, ಮೂಡಲಿಗೆ ಯಾವ ಹಳ್ಳ, ಗಾಣಕ್ಕೆ ಎಷ್ಟು ಎಣ್ಣೆ, ಸಾಕ್ಷಿಗೆ ಯಾರು. ಪದ ಗೊತ್ತಾಗದಿದ್ದರೆ ಕಿಟೆಲ್ ನಿಘಂಟು ಇದೆ, ಅದರಲ್ಲೂ ಸಿಗದಿದ್ದರೆ ಸಾಹಿತ್ಯ ಪರಿಷತ್ತಿನ ದೊಡ್ಡ ನಿಘಂಟು, ಅದು ಶಾಸನದ ಪ್ರಯೋಗವನ್ನೂ ಕೊಡುತ್ತದೆ. ಚಿದಾನಂದಮೂರ್ತಿ ಅವರ ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ 1966ರಲ್ಲಿ ಬಂದದ್ದು. ಅದನ್ನು ಹತ್ತು ಶಾಸನ ಓದಿದ ಮೇಲೆ ಎತ್ತಿಕೊಳ್ಳಿ, ಆಗ ರುಚಿಯೇ ಬೇರೆ.

ಕಲ್ಲಿನಲ್ಲಿ, ತಾಮ್ರದಲ್ಲಿ ಬರೆದಿದ್ದೆಲ್ಲ ನಿಜವಾ? ಅಲ್ಲ. ತೀರ್ಥಹಳ್ಳಿ ಕಡೆಯ ಭೀಮನಕಟ್ಟೆ, ಸೊರಬದ ಕುಪ್ಪಗಡ್ಡೆ ಇಲ್ಲೆಲ್ಲ ಸಾಕ್ಷಾತ್ ಜನಮೇಜಯನೇ ದಾನ ಕೊಟ್ಟ ಅಂತ ಹೇಳುವ ತಾಮ್ರಪಟಗಳು ಸಿಕ್ಕಿವೆ. ಹೌದು, ಸರ್ಪಯಾಗದ ಜನಮೇಜಯ! ಎಷ್ಟೋ ಕಾಲದ ಮೇಲೆ ಯಾರೋ ಕೂತು ಬರೆಸಿದ ಪಟಗಳು ಅವು. ಭೂಮಿ ನಮ್ಮದು ಅನ್ನೋಕೆ ಹಳೇ ದಾಖಲೆ ಬೇಕಿತ್ತು, ಮಾಡಿಸಿಕೊಂಡರು. ಈಗಿನ ಪಹಣಿ ತಿದ್ದುವ ಕಲೆಯ ಹಿರಿಯಣ್ಣ ಅನ್ನಿ. ಗಂಗರ ತಾಮ್ರಪಟಗಳಲ್ಲಿ ಬಹಳಷ್ಟು ನಕಲಿ ಅಂತ ಫ್ಲೀಟ್ ಪಟ್ಟು ಹಿಡಿದಿದ್ದರು, ರೈಸ್ ಒಪ್ಪಲಿಲ್ಲ. ಇಬ್ಬರೂ ವರ್ಷಗಟ್ಟಲೆ ಜಗಳ ಆಡಿದರು. ಆ ಲೇಖನಗಳನ್ನು ಓದಿದರೆ ಯಾವ ಅಕ್ಷರ ಯಾವ ಕಾಲದ್ದು, ತಿಥಿ ವಾರ ತಾಳೆಯಾಗುತ್ತದೋ ಇಲ್ಲವೋ ಅಂತ ಹೇಗೆ ನೋಡಬೇಕು ಅನ್ನುವುದು ತಾನಾಗೇ ತಿಳಿಯುತ್ತದೆ. ಯಾವ ಪಾಠಪುಸ್ತಕವೂ ನನಗೆ ಅಷ್ಟು ಕಲಿಸಲಿಲ್ಲ.

ಸಂಪುಟಗಳೂ ಹಳತಾಗುತ್ತವೆ. ಅಶೋಕನ ಶಾಸನಗಳಿಗೆ ಇವತ್ತಿಗೂ ಎಲ್ಲರೂ ಎತ್ತಿಕೊಳ್ಳುವುದು ವಿದ್ವಾಂಸ ಹುಲ್ಟ್ಶ್ 1925ರಲ್ಲಿ ತಂದ ಸಂಪುಟ. ಅದರಲ್ಲಿ ರೈಸ್ 1892ರಲ್ಲಿ ಕಂಡುಹಿಡಿದ ಬ್ರಹ್ಮಗಿರಿ ಇದೆ. ಅದರ ಕೊನೆಯಲ್ಲಿ ಚಪಡ ಅನ್ನುವ ಬರಹಗಾರ ಎಲ್ಲವನ್ನೂ ಬ್ರಾಹ್ಮಿಯಲ್ಲಿ ಬರೆದು, 'ಲಿಪಿಕಾರ' ಅನ್ನುವ ತನ್ನ ಬಿರುದನ್ನು ಮಾತ್ರ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದಿದ್ದಾನೆ. ಮೊಳಕಾಲ್ಮೂರಿನ ಬಂಡೆಯ ಮೇಲೆ ಅಲ್ಲಿಯ ಲಿಪಿ ಯಾರು ಓದಬೇಕಿತ್ತು ಹೇಳಿ! 1915ರಲ್ಲಿ ಸಿಕ್ಕ ಮಸ್ಕಿಯೂ ಅದರಲ್ಲಿದೆ. ಆದರೆ 1931ರ ಕೊಪ್ಪಳ ಇಲ್ಲ. 1989ರ ಸನ್ನತಿಯಂತೂ ಇರುವ ಮಾತೇ ಇಲ್ಲ. ಸನ್ನತಿಯ ಕಲ್ಲು ಕಾಳಿಯ ವಿಗ್ರಹಕ್ಕೆ ಪೀಠವಾಗಿ ಕೂತಿತ್ತು. ವಿಗ್ರಹ ನಿಲ್ಲಿಸೋಕೆ ಅಂತ ನಡುವೆ ತೂತು ಬೇರೆ ಕೊರೆದಿದ್ದರು. ನಾನು ಹೇಳಿದ ತಾಳಗುಂದದಲ್ಲೇ 2013ರಲ್ಲಿ ಅಗೆದಾಗ ಸಿಂಹಕಟಾಂಜನ ಶಾಸನ (ಸಿಂಹ ಕೆತ್ತಿದ ಮೆಟ್ಟಿಲ ಕೈಪಿಡಿಯ ಮೇಲಿನದು) ಸಿಕ್ಕಿತು, ಅದು ಕನ್ನಡದ ಅತಿ ಹಳೆಯ ಶಾಸನ ಅಂತ ನಾವು ಓದಿದ ಹಲ್ಮಿಡಿಗಿಂತ ಹಳೆಯದು ಅಂತ ಪುರಾತತ್ವ ಇಲಾಖೆ ಹೇಳಿತು, ಆ ಚರ್ಚೆ ಇನ್ನೂ ನಡೆದಿದೆ.

ಇನ್ನು ನಿಮ್ಮ ಮೊದಲ ಶಾಸನ ಯಾವುದಿರಬೇಕು? ದೊಡ್ಡ ರಾಜನದ್ದೇ ಬೇಕಂತಿಲ್ಲ. ನಿಮ್ಮ ಊರಿನದ್ದು ಹುಡುಕಿ. ನನ್ನ ಅಜ್ಜಿಯ ಊರು ಸೊರಬ ತಾಲೂಕು. ಎಸ್‌ಬಿ ಪಟ್ಟಿಯಲ್ಲಿ ಊರ ಹೆಸರಿನಲ್ಲಿ ಮೂರು ನಂಬರು ಕಂಡಾಗ ರಾತ್ರಿ ಹನ್ನೊಂದಕ್ಕೆ ದೊಡ್ಡಮಾವನಿಗೆ ಫೋನ್ ಮಾಡಿ ಎಬ್ಬಿಸಿದ್ದೆ. ಮುಂದಿನ ರಜೆಗೆ ಪ್ರಿಂಟ್ ಹಿಡಿದುಕೊಂಡು ಹೋದೆ. ಒಂದು ಗುಡಿಯ ಗೋಡೆಯಲ್ಲಿ ಸುಣ್ಣದ ಕೆಳಗೆ ಇತ್ತು. ಇನ್ನೊಂದು ವೀರಗಲ್ಲು ಅಡಿಕೆ ತೋಟದಲ್ಲಿ, ಅರಿಶಿನ ಕುಂಕುಮ ಹಚ್ಚಿಸಿಕೊಂಡು ಸುಖವಾಗಿತ್ತು. ಮೂರನೆಯದ್ದಕ್ಕೆ ಪುಸ್ತಕದಲ್ಲಿ ಕೆರೆ ಏರಿಯ ಮೇಲೆ ನೆಟ್ಟ ಕಲ್ಲು ಅಂತಿದೆ. ಏರಿಯ ಮೇಲೆ ಎರಡು ಸಲ ಹೋಗಿ ಬಂದರೂ ಕಲ್ಲಿಲ್ಲ. "ಏರಿ ಕುಸಿದಾಗ ಸಿಕ್ಕಿದ ಕಲ್ಲನ್ನೆಲ್ಲ ಒಳಗೆ ಹಾಕಿ ಮಣ್ಣು ಮುಚ್ಚಿದ್ರಪ್ಪ, ನಾನೇ ಎರಡು ಹೊತ್ತು ಹಾಕಿದೀನಿ" ಅಂದರು ದೊಡ್ಡಮಾವ, ಒಂಚೂರೂ ಬೇಜಾರಿಲ್ಲದೆ.

ಆಮೇಲೆ ಏರಿಯ ಮೇಲೆ ಕೂತು, ಎಲೆ ಅಡಿಕೆ ಹಾಕಿಕೊಂಡು, "ಓದು ನೋಡಾಣ, ಏನಿತ್ತು ಅದ್ರಲ್ಲಿ" ಅಂದರು. ಎಂಟೇ ಸಾಲು. ಓದಿ ಹೇಳಿದೆ. ಊರಿನ ದನ ಹೊಡೆದುಕೊಂಡು ಹೋದಾಗ ಒಬ್ಬ ಹಿಂದೆ ಓಡಿ ಹೋಗಿದ್ದಾನೆ, ತುಱುವಂ ಮಗುೞ್ಚಿ, ಅಂದರೆ ದನಗಳನ್ನು ಬಿಡಿಸಿ ವಾಪಸ್ ಕಳಿಸಿ, ಅಲ್ಲೇ ಸತ್ತಿದ್ದಾನೆ. ದೊಡ್ಡಮಾವ ಸ್ವಲ್ಪ ಹೊತ್ತು ಕೆರೆ ಕಡೆ ನೋಡುತ್ತಾ ಇದ್ದರು. "ಯಾರೋ ಅವ್ನು? ಹೆಸ್ರು ಇಲ್ವಾ?" ಅಂದರು. ಮತ್ತೆ ಹಾಳೆ ನೋಡಿದೆ. ಹೆಸರು ಇರಬೇಕಾದ ಜಾಗದಲ್ಲಿ ಅಕ್ಷರ ಅವತ್ತಿಗೇ ಸವೆದಿತ್ತು, ಪಂಡಿತರು ಐದು ಚುಕ್ಕಿ ಇಟ್ಟಿದ್ದಾರೆ.