ಪಹಣಿ ಇಲ್ಲದವನ ಜಾಮೀನು

12 ಮಾರ್ಚ್ 2025, ಬುಧವಾರ
ಧಾರವಾಡ, ರಾತ್ರಿ 10.40

ಕೈ ಮೇಲಿನ ಸೀಲು ಇನ್ನೂ ಹೋಗಿಲ್ಲ. ಮೂರು ಸಲ ಸೋಪು ಹಚ್ಚಿ ತಿಕ್ಕಿದೆ. ನೇರಳೆ ಬಣ್ಣ ಸ್ವಲ್ಪ ಮಾಸಿದೆ, ಅಷ್ಟೇ. ಜೈಲಿನ ಬಾಗಿಲಲ್ಲಿ ಒತ್ತಿದ ಸೀಲು ಅದು. ಒಳಗೆ ಹೋದ ಹೊರಗಿನವರು ವಾಪಸ್ ಬರುವಾಗ ಅದನ್ನು ತೋರಿಸಬೇಕು.

ಹಾಸ್ಟೆಲ್ ಹಿಂದಿನ ಓಣಿಯಲ್ಲಿ ಹುಡುಗರು ಹಲಗೆ ಬಾರಿಸುತ್ತಿದ್ದಾರೆ. ನಾಡಿದ್ದು ಹೋಳಿ. ನಿದ್ದೆ ಹೇಗೂ ಬರುವುದಿಲ್ಲ, ಬರೆದುಬಿಡುತ್ತೇನೆ.

ಎಂಎ ಕ್ರಿಮಿನಾಲಜಿಗೆ (ಅಪರಾಧಶಾಸ್ತ್ರ) ಸೇರಿ ಇದು ಎರಡನೇ ಸೆಮಿಸ್ಟರ್. ಇಂದು ಮೊದಲ ಸಲ ಜೈಲಿನ ಫೀಲ್ಡ್ ವರ್ಕ್. ಇಲ್ಲಿಂದ ಬಸ್ಸಿನಲ್ಲಿ ಎರಡು ತಾಸು. ಯಾವ ಜೈಲು ಅಂತ ಬರೆಯುವುದಿಲ್ಲ. ಫೋನು, ಪರ್ಸು ಎಲ್ಲ ಗೇಟಿನಲ್ಲಿ ಇಟ್ಟು, ದೊಡ್ಡ ಬಾಗಿಲಿನೊಳಗಿನ ಸಣ್ಣ ಬಾಗಿಲಲ್ಲಿ ತಲೆ ಬಗ್ಗಿಸಿ ಹೋದೆವು. ನಾವು ಎಂಟು ಜನ ಮತ್ತು ಮೇಡಂ.

ಒಳಗೆ ಹೋದ ಕೂಡಲೇ ನಾನು ಹುಡುಕಿದ್ದು ಬಿಳಿ ಬಟ್ಟೆ. ಶಿಕ್ಷೆಯಾದವರು ಬಿಳಿ ಯೂನಿಫಾರ್ಮ್ ಹಾಕುತ್ತಾರೆ, ವಿಚಾರಣೆ ನಡೆಯುತ್ತಿರುವವರು ಮನೆಯ ಬಟ್ಟೆಯಲ್ಲೇ ಇರುತ್ತಾರೆ ಅಂತ ಓದಿದ್ದೆ. ಅಲ್ಲಿ ಬಿಳಿ ಎಲ್ಲೋ ಒಂದೆರಡು ಕಂಡವು. ಉಳಿದಂತೆ ಚೆಕ್ಸ್ ಶರ್ಟು, ಟೀ ಶರ್ಟು, ಲುಂಗಿ. ಬಸ್ ಸ್ಟ್ಯಾಂಡಿನಲ್ಲಿ ಕಾಣುವ ಜನರೇ.

ಇದು ಗೊತ್ತಿಲ್ಲದ ಸಂಗತಿಯೇನಲ್ಲ. 2022ರ ಕೊನೆಗೆ ದೇಶದ ಜೈಲುಗಳಲ್ಲಿ ಇದ್ದವರು 5,73,220 ಜನ. ಅದರಲ್ಲಿ 4,34,302 ಜನ ವಿಚಾರಣಾಧೀನರು. ಅಂದರೆ ನಾಲ್ವರಲ್ಲಿ ಮೂವರು. ಪರೀಕ್ಷೆಯಲ್ಲಿ ಈ ಅಂಕಿ ಬರೆದು ಒಳ್ಳೆಯ ಮಾರ್ಕ್ಸ್ ಕೂಡ ತೆಗೆದುಕೊಂಡಿದ್ದೇನೆ. ಆದರೆ ಆ ಮೂವರು ದಿನವಿಡೀ ಏನು ಮಾಡುತ್ತಾರೆ ಅಂತ ಯೋಚಿಸಿರಲಿಲ್ಲ.

ಏನೂ ಮಾಡುವುದಿಲ್ಲ. ಕೂತಿರುತ್ತಾರೆ.

ನಮ್ಮ ಪಠ್ಯದಲ್ಲಿ ಸುಧಾರಣೆಯ ಬಗ್ಗೆ ಎಷ್ಟೊಂದು ಇದೆ! ಕೈದಿಗೆ ಕಸುಬು ಕಲಿಸುವುದು, ಕೂಲಿ ಕೊಡುವುದು, ಪೆರೋಲ್, ಬಯಲು ಬಂದೀಖಾನೆ. ಎಲ್ಲ ಬೇಕು, ನಾನು ಒಪ್ಪುತ್ತೇನೆ. ಆದರೆ ಅದರಲ್ಲಿ ಹೆಚ್ಚಿನದು ಶಿಕ್ಷೆಯಾದವರಿಗೆ. ವಿಚಾರಣೆಯಲ್ಲಿರುವವನು ಕಾನೂನಿನ ಕಣ್ಣಲ್ಲಿ ಇನ್ನೂ ತಪ್ಪು ಮಾಡಿದವನಲ್ಲ. ಅವನಲ್ಲಿ ಸುಧಾರಿಸುವುದು ಏನನ್ನು? ಹಾಗಾಗಿ ಅವನಿಗೆ ಹೆಚ್ಚಿನ ಕೆಲಸವೂ ಇಲ್ಲ, ಕೂಲಿಯೂ ಇಲ್ಲ. ಕೋರ್ಟಿನ ಮುಂದಿನ ವಾಯಿದೆ ಯಾವಾಗ ಅನ್ನುವುದೊಂದೇ ಲೆಕ್ಕ.

ನನ್ನ ಪಾಲಿಗೆ ಬಂದ ಹುಡುಗನಿಗೆ ಇಪ್ಪತ್ತೆರಡು ಇರಬಹುದು. ಹೆಸರು, ಊರು ಇಲ್ಲಿ ಬರೆಯಬಾರದು. ಬೇರೆ ಜಿಲ್ಲೆಯಿಂದ ಗೌಂಡಿ ಕೆಲಸಕ್ಕೆ ಬಂದವನು. ಬೈಕ್ ಕಳವಿನ ಕೇಸು, ಮೊದಲ ಸಲ. ಒಳಗೆ ಬಂದು 8 ತಿಂಗಳಾಗಿದೆ. ನಾನು ಪ್ರಶ್ನೆಗಳ ಹಾಳೆ ನೋಡಿಕೊಂಡು, ಜಾಮೀನಿಗೆ ಅರ್ಜಿ ಹಾಕಿದ್ದೀರಾ ಅಂತ ಕೇಳಿದೆ.

"ಬೇಲ್ ಆಗಿ ಐದು ತಿಂಗಳಾತ್ರೀ ಅಕ್ಕಾರ."

ನನಗೆ ಅರ್ಥ ಆಗಲಿಲ್ಲ. ಮತ್ತೆ ಯಾಕೆ ಇಲ್ಲಿದ್ದೀರಿ ಅಂದೆ.

"ಜಾಮೀನುದಾರ ಬೇಕಲ್ರೀ. ಹೊಲದ ಪಹಣಿ ಇದ್ದವ್ರು. ನಮ್ಮವ್ವಗ ಯಾರದಾರ?"

ಅಷ್ಟೇ. ಹೇಳುವಾಗ ಅವನ ಮುಖದಲ್ಲಿ ಸಿಟ್ಟೂ ಇರಲಿಲ್ಲ. ನನಗೇ ಪೆನ್ನು ಓಡಲಿಲ್ಲ. ನನ್ನ ಹಾಳೆಯಲ್ಲಿ 'ಜಾಮೀನು ಸಿಕ್ಕಿದೆಯೇ, ಇಲ್ಲವೇ' ಅಂತ ಎರಡೇ ಚೌಕ ಇದ್ದವು.

ಬಸ್ಸಿನಲ್ಲಿ ಬರುವಾಗ ಮೇಡಂ 1978ರ ಮೋತಿರಾಮ್ ಕೇಸು ನೆನಪಿಸಿದರು. ಮಧ್ಯಪ್ರದೇಶದ ಮೋತಿರಾಮ್ ಕೂಡ ಗೌಂಡಿ. ಅವನಿಗೆ ಸುಪ್ರೀಂ ಕೋರ್ಟೇ ಜಾಮೀನು ಕೊಟ್ಟಿತ್ತು. ಕೆಳಗಿನ ಮ್ಯಾಜಿಸ್ಟ್ರೇಟ್ 10,000 ರೂಪಾಯಿಗೆ ಜಾಮೀನುದಾರ ಬೇಕು ಅಂದರು. ಒಡಹುಟ್ಟಿದವನೇ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ತಳ್ಳಿಹಾಕಿದರು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅದನ್ನು ಒಪ್ಪಲಿಲ್ಲ. ಅವನದೇ 1,000 ರೂಪಾಯಿ ಬಾಂಡಿನ, ಅಂದರೆ ಮುಚ್ಚಳಿಕೆಯ, ಮೇಲೆ ಬಿಡಿ ಅಂದರು. ದೂರದ ಊರಲ್ಲಿ ಸಿಕ್ಕಿಬಿದ್ದ ಒಬ್ಬ ಮಲಯಾಳಿ, ಒಬ್ಬ ಕನ್ನಡಿಗ ಅಲ್ಲಿ ಆಸ್ತಿ ಇರುವ ಜಾಮೀನುದಾರನನ್ನು ಎಲ್ಲಿಂದ ತರಬೇಕು ಅಂತ ಆ ತೀರ್ಪಿನಲ್ಲೇ ಕೇಳಿದ್ದಾರೆ. ಕನ್ನಡಿಗ ಅಂತ ಹೆಸರು ಹಿಡಿದು ಬರೆದದ್ದು ಓದಿದಾಗ ನನಗೆ ಮೈ ಜುಮ್ಮೆಂದಿತ್ತು. ಈಗ ಯೋಚಿಸಿದರೆ, ಕನ್ನಡದ ಹುಡುಗ ಕನ್ನಡ ನಾಡಲ್ಲೇ ಎರಡು ಜಿಲ್ಲೆ ದಾಟಿದ್ದಕ್ಕೆ ಅದೇ ಪಾಡು. 47 ವರ್ಷ ಆಯಿತಲ್ವಾ?

ದಾರಿಗಳಿವೆ. ಅದೇ ಹೆಚ್ಚು ನೋವು. ಜಾಮೀನು ಸಿಕ್ಕ 7 ದಿನದಲ್ಲಿ ಕೈದಿ ಹೊರಗೆ ಹೋಗದಿದ್ದರೆ ಜೈಲಿನ ಸೂಪರಿಂಟೆಂಡೆಂಟ್ ಬಡವರಿಗೆ ಉಚಿತ ಕಾನೂನು ನೆರವು ಕೊಡುವ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು ಅಂತ 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಒಂದು ತಿಂಗಳಾದರೂ ಬಾಂಡ್ ಕೊಡಲು ಆಗದಿದ್ದರೆ ಷರತ್ತು ಸಡಿಲ ಮಾಡಬಹುದೇ ಅಂತ ಕೋರ್ಟೇ ನೋಡಬಹುದು. ಬಡ ವಿಚಾರಣಾಧೀನರಿಗೆ ಜಾಮೀನಿಗಾಗಿ ಹಣದ ನೆರವು ಕೊಡುವ ಕೇಂದ್ರದ ಯೋಜನೆಯೂ ಅದೇ ವರ್ಷದ್ದು. ಇನ್ನು ಹಳೆಯ ಸಿಆರ್‌ಪಿಸಿ ಬದಲು ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಂ. ಮೊದಲ ಸಲ ಸಿಕ್ಕವನು ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಿಡಬೇಕು. ಕಳವಿಗೆ ಗರಿಷ್ಠ 3 ವರ್ಷ. ಅಂದರೆ 1 ವರ್ಷ. ಇನ್ನು 4 ತಿಂಗಳು ಕೂತರೆ ಅವನಿಗೆ ಆ ದಾರಿ. ಆದರೆ ಐದು ತಿಂಗಳ ಹಿಂದೆಯೇ ಜಾಮೀನು ಸಿಕ್ಕವನಿಗೆ ಆ ಲೆಕ್ಕ ಯಾಕೆ ಬೇಕು?

ಊಟ ಆದ ಮೇಲೆ ಅಪ್ಪನಿಗೆ ಫೋನ್ ಮಾಡಿದೆ. ನಮ್ಮದು ಎರಡು ಎಕರೆ ಹತ್ತು ಗುಂಟೆ. ಸುಮ್ನೆ ಕೇಳಿದೆ, ಯಾರಿಗಾದರೂ ಜಾಮೀನು ನಿಂತಿದ್ದಿಯೇನು ಅಂತ.

"ಒಮ್ಮೆ ನಿಂತಿದ್ದೆ. ನೀ ಸಣ್ಣಾಕಿ ಇದ್ದಿ."

ನಮ್ಮ ಓಣಿಯವನೇ ಅಂತೆ. ಅವನು ವಾಯಿದೆ ತಪ್ಪಿಸಿದ. ಅಪ್ಪನಿಗೆ ನೋಟೀಸ್ ಬಂತು. ಬಿತ್ತನೆ ಹೊತ್ತಲ್ಲಿ ಮೂರು ಸಲ ಕೋರ್ಟಿಗೆ ಅಲೆದಿದ್ದಾನೆ. ಆಮೇಲೆ ಅವ್ವ ಯಾರಿಗೂ ಸೈ ಹಾಕಬೇಡ ಅಂತ ಆಣೆ ಹಾಕಿಸಿಕೊಂಡಳಂತೆ. ನನಗೆ ಇಷ್ಟು ವರ್ಷ ಇದು ಗೊತ್ತೇ ಇರಲಿಲ್ಲ. ಜಾಮೀನುದಾರ ಸಿಗುವುದಿಲ್ಲ ಅಂದರೆ ಜನ ಕಲ್ಲುಮನಸ್ಸಿನವರು ಅಂತಲ್ಲ. ಇದ್ದ ಎರಡು ಎಕರೆಗೆ ಹೆದರಿಕೆ ಇರುತ್ತದೆ.

ಮತ್ತೆ ಯಾಕೆ ನಿಂತಿ ಅಂದೆ.

"ಅವ್ನ ಮನಿಯಾಗ ಸಣ್ಣ ಕೂಸು ಇತ್ತವ್ವಾ."

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ ಹೋಳಿ ಹಬ್ಬಕ್ಕೆ ಊರಿಗೆ ಬರ್ತಿಯೇನು ಅಂತ ಕೇಳಿದ. ನಾಳೆ ಕೆಲಸ ಇದೆ ಅಂದೆ.

ನಾವು ಎಂಟು ಜನ ಮಾತಾಡಿಸಿದವರಲ್ಲಿ ಜಾಮೀನು ಸಿಕ್ಕೂ ಒಳಗಿರುವವರ ಪಟ್ಟಿ ಮಾಡಿದ್ದೇವೆ. ಒಟ್ಟು ಆರು. ಮೇಡಂ ನಾಳೆ ಹನ್ನೊಂದಕ್ಕೆ ಅದನ್ನು ಪ್ರಾಧಿಕಾರದ ಕಾರ್ಯದರ್ಶಿಗೆ ಕೊಡುತ್ತಾರೆ, ನಾನೂ ಜೊತೆಗೆ ಹೋಗುತ್ತೇನೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಶುದ್ಧ ಪ್ರತಿ ಬರೆಯಲು ನನಗೇ ಕೊಟ್ಟಿದ್ದಾರೆ. ಕೇಸ್ ನಂಬರ್, ಜಾಮೀನು ಸಿಕ್ಕ ತಾರೀಖು, ಕೋರ್ಟು ಹಾಕಿದ ಷರತ್ತು. ನಾಲ್ಕು ಬರೆದಾಯಿತು, ಇನ್ನೆರಡು ಇವೆ.