ಹಬೆಗೆ ಒಂದು ಫಿಲ್ಟರ್, ಕತ್ತಲಿಗೆ ಇನ್ನೊಂದು

ಡಾರ್ಕ್‌ರೂಮ್ ಕೆಲಸ, ಅಂದರೆ ಕತ್ತಲೆ ಕೋಣೆಯಲ್ಲಿ ನೆಗೆಟಿವ್‌ನಿಂದ ಪೇಪರಿನ ಮೇಲೆ ಫೋಟೋ ಪ್ರಿಂಟ್ ಮಾಡುವುದನ್ನು ಕಲಿಯಬೇಕು ಅಂತ ಬರುವ ಹುಡುಗರು ಮೊದಲು ಕೇಳುವುದೇ ಟೆಕ್ನಿಕ್ ಬಗ್ಗೆ. ಸ್ಪ್ಲಿಟ್ ಗ್ರೇಡ್ ಮಾಡಲಾ, ಲಿತ್ ಪ್ರಿಂಟ್ ಮಾಡಲಾ, ಸೆಲೀನಿಯಂ ಟೋನಿಂಗ್ ಬೇಕೇ ಬೇಕಾ? ನಾನು ಹೇಳುವುದು ಒಂದೇ. ನೆಗೆಟಿವ್ ತಗೊಂಡು ಬನ್ನಿ, ಅದನ್ನು ನೋಡಿ ಮಾತಾಡೋಣ. ಯಾವ ವಿಧಾನ ಬೇಕು ಅನ್ನುವುದನ್ನು ಆ ನೆಗೆಟಿವ್ವೇ ತೀರ್ಮಾನ ಮಾಡಬೇಕು. ನಮಗೆ ಯಾವುದು ಇಷ್ಟ ಅನ್ನುವುದು ಆಮೇಲಿನ ವಿಷಯ.

ಸುಮ್ನೆ ಹೇಳಿದರೆ ಗೊತ್ತಾಗುವುದಿಲ್ಲ, ಒಂದು ನೆಗೆಟಿವ್ ಇಟ್ಟುಕೊಂಡೇ ಹೇಳುತ್ತೇನೆ. ಮಂಡ್ಯದ ಹತ್ತಿರದ ಒಂದು ಆಲೆಮನೆಯಲ್ಲಿ ತೆಗೆದದ್ದು. ಒಳಗೆಲ್ಲ ಮಸಿ ಹಿಡಿದ ಗೋಡೆ, ಮಸಿ ಹಿಡಿದ ತೊಲೆ. ಮಧ್ಯದಲ್ಲಿ ದೊಡ್ಡ ಕೊಪ್ಪರಿಗೆ, ಅದರಲ್ಲಿ ಕಬ್ಬಿನ ಹಾಲು ಕುದಿಯುತ್ತಿದೆ. ಹೆಂಚಿನ ಸಂದಿಯಿಂದ ಬೀಳುವ ಬಿಸಿಲು ನೇರವಾಗಿ ಹಬೆಯ ಮೇಲೆ ಬಿದ್ದಿದೆ. ಉದ್ದ ಹಿಡಿಯ ಜರಡಿಯಲ್ಲಿ ಮೇಲೆ ಬಂದ ಕೊಳೆ ತೆಗೆಯುತ್ತಿರುವ ಅಣ್ಣನೊಬ್ಬರ ಮುಖ ಅರ್ಧ ಬೆಳಕಿನಲ್ಲಿ, ಅರ್ಧ ಕತ್ತಲಲ್ಲಿ. ಕಣ್ಣಿಗೆ ಎಲ್ಲವೂ ಕಾಣುತ್ತಿತ್ತು, ನೆಗೆಟಿವ್‌ನಲ್ಲೂ ಎಲ್ಲವೂ ಇದೆ. ಆದರೆ ಪೇಪರಿಗೆ ಅಷ್ಟು ದೊಡ್ಡ ಅಂತರವನ್ನು ತಡೆದುಕೊಳ್ಳುವ ಶಕ್ತಿ ಇಲ್ಲ. ಗ್ರೇಡ್ ಅಂದರೆ ಪೇಪರ್ ಕೊಡುವ ಕಾಂಟ್ರಾಸ್ಟ್, ಕಪ್ಪು-ಬಿಳುಪಿನ ಅಂತರ; ನಂಬರ್ ಏರಿದಷ್ಟೂ ಅಂತರ ಗಟ್ಟಿ. 2ನೇ ಗ್ರೇಡ್‌ನಲ್ಲಿ ನೇರವಾಗಿ ಪ್ರಿಂಟ್ ಮಾಡಿದರೆ ಹಬೆ ಬರೀ ಬಿಳಿ ಕಾಗದ. ಹಬೆಗೆ ಸ್ವಲ್ಪ ಬಣ್ಣ ಬರಲಿ ಅಂತ ಬೆಳಕು ಬೀಳುವ ಹೊತ್ತು ಜಾಸ್ತಿ ಕೊಟ್ಟರೆ ತೊಲೆ, ಗೋಡೆ, ಮುಖ ಎಲ್ಲ ಸೇರಿ ಒಂದೇ ಕಪ್ಪು.

ಇಲ್ಲಿಂದ ಶುರುವಾಗುತ್ತದೆ ನೋಡಿ ನಿಜವಾದ ಆಯ್ಕೆ.

ಮೊದಲು ಟೆಸ್ಟ್ ಸ್ಟ್ರಿಪ್, ಅಂದರೆ ಒಂದೇ ಪೇಪರ್ ಪಟ್ಟಿಯ ಬೇರೆ ಬೇರೆ ಭಾಗಕ್ಕೆ ಬೇರೆ ಬೇರೆ ಹೊತ್ತು ಬೆಳಕು ಕೊಟ್ಟು ನೋಡುವುದು. ಬಹಳ ಜನ 5, 10, 15, 20 ಸೆಕೆಂಡ್ ಅಂತ ಸಮನಾಗಿ ಏರಿಸಿಕೊಂಡು ಹೋಗುತ್ತಾರೆ. ಇದು ನನಗೆ ಸರಿ ಕಾಣುವುದಿಲ್ಲ, ಯಾಕೆಂದರೆ 5ರಿಂದ 10ಕ್ಕೆ ಹೋದರೆ ಬೆಳಕು ಎರಡರಷ್ಟಾಯಿತು, ಅದೇ 15ರಿಂದ 20ಕ್ಕೆ ಹೋದರೆ ಮೂರನೇ ಒಂದು ಭಾಗ ಮಾತ್ರ ಜಾಸ್ತಿ, ಹಾಗಾಗಿ ಪಟ್ಟಿಯ ಒಂದು ತುದಿಯಲ್ಲಿ ದೊಡ್ಡ ನೆಗೆತ, ಇನ್ನೊಂದು ತುದಿಯಲ್ಲಿ ಏನೂ ವ್ಯತ್ಯಾಸ ಕಾಣದ ಹಾಗೆ ಆಗುತ್ತದೆ. 8, 11, 16, 22, 32 ಅಂತ ಹೋಗಿ. ಲೆನ್ಸಿನ ಮೇಲಿನ ಸ್ಟಾಪ್ ನಂಬರುಗಳೇ ಇವು, ನೆನಪಿಡುವುದೂ ಸುಲಭ. ಸೆಕೆಂಡಿನ ಲೆಕ್ಕದಲ್ಲಿ ಪ್ರತಿ ಮೆಟ್ಟಿಲೂ ಅರ್ಧ ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಎರಡರಷ್ಟು). ಪಟ್ಟಿಯನ್ನು ನೋಡುವಾಗ ಬಿಳಿಯ ಕಡೆ ಮಾತ್ರ ನೋಡಿ. ಹೊತ್ತು ಎಷ್ಟು ಅನ್ನುವುದನ್ನು ಬಿಳಿ ಹೇಳುತ್ತದೆ, ಗ್ರೇಡ್ ಯಾವುದು ಅನ್ನುವುದನ್ನು ಕಪ್ಪು ಹೇಳುತ್ತದೆ. ಹಬೆಯಲ್ಲಿ ತೆಳು ಬೂದು ಬರುವ ಹೊತ್ತನ್ನು ಹಿಡಿದುಕೊಂಡು, ಅದೇ ಹೊತ್ತಿನಲ್ಲಿ ತೊಲೆ ಹೇಗೆ ಬಂದಿದೆ ನೋಡಬೇಕು. ತೊಲೆ ಬೂದಿ ಬೂದಿಯಾಗಿದ್ದರೆ ಗ್ರೇಡ್ ಏರಿಸಿ, ಮಸಿ ಮೆತ್ತಿಕೊಂಡಿದ್ದರೆ ಇಳಿಸಿ.

ಹಿಂದೆ ಗ್ರೇಡ್ ಬದಲಾಯಿಸಬೇಕು ಅಂದರೆ ಪೇಪರಿನ ಡಬ್ಬವನ್ನೇ ಬದಲಾಯಿಸಬೇಕಿತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯ 'ಇಂದು' ಪೇಪರ್ ನೆನಪಿರುವವರು ಮೈಸೂರಿನ ಹಳೇ ಸ್ಟುಡಿಯೋದವರಲ್ಲಿ ಈಗಲೂ ಸಿಗುತ್ತಾರೆ. ಈಗ ನಾವು ಬಳಸುವ ಮಲ್ಟಿಗ್ರೇಡ್ ಪೇಪರಿನಲ್ಲಿ ಎಲ್ಲ ಗ್ರೇಡೂ ಒಂದೇ ಹಾಳೆಯಲ್ಲಿ ಇರುತ್ತದೆ. ಇಲ್ಫರ್ಡ್ ಕಂಪನಿ ಇದನ್ನು ಹೊರತಂದದ್ದು 1940ರಲ್ಲೇ. ಪೇಪರಿನ ಲೇಪ ನೀಲಿ ಬೆಳಕಿಗೆ ಗಟ್ಟಿ ಕಾಂಟ್ರಾಸ್ಟ್ ಕೊಡುತ್ತದೆ, ಹಸಿರು ಬೆಳಕಿಗೆ ಮೆದು ಕಾಂಟ್ರಾಸ್ಟ್ ಕೊಡುತ್ತದೆ. ಹಳದಿ ಫಿಲ್ಟರ್ ನೀಲಿಯನ್ನು ತಡೆಯುತ್ತದೆ, ಪ್ರಿಂಟ್ ಮೆದುವಾಗುತ್ತದೆ. ಮೆಜೆಂಟಾ ಫಿಲ್ಟರ್ ಹಸಿರನ್ನು ತಡೆಯುತ್ತದೆ, ಪ್ರಿಂಟ್ ಗಟ್ಟಿಯಾಗುತ್ತದೆ. ಇಲ್ಫರ್ಡ್ ಸೆಟ್‌ನಲ್ಲಿ 00ರಿಂದ 5ರವರೆಗೆ 12 ಫಿಲ್ಟರ್. 4 ಮತ್ತು ಮೇಲಿನವಕ್ಕೆ ಹೊತ್ತು ಎರಡರಷ್ಟು ಕೊಡಬೇಕು, ಇದನ್ನು ನೆನಪಿಟ್ಟುಕೊಳ್ಳಿ.

ಇನ್ನು ಸ್ಪ್ಲಿಟ್ ಗ್ರೇಡ್. ಒಂದೇ ಹಾಳೆಗೆ ಮೊದಲು 00 ಫಿಲ್ಟರಿನಲ್ಲಿ ಸ್ವಲ್ಪ ಹೊತ್ತು, ಆಮೇಲೆ 5ರಲ್ಲಿ ಸ್ವಲ್ಪ ಹೊತ್ತು ಬೆಳಕು ಕೊಡುವುದು. ಇದರ ಬಗ್ಗೆ ದೊಡ್ಡ ದೊಡ್ಡ ಮಾತು ಕೇಳಿರುತ್ತೀರಿ. ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಇಡೀ ಹಾಳೆಗೆ ಹಾಗೇ ಕೊಟ್ಟರೆ ಬರುವ ಫಲ, ಮಧ್ಯದ ಯಾವುದೋ ಒಂದು ಗ್ರೇಡಿನಲ್ಲಿ ಒಂದೇ ಸಲ ಕೊಟ್ಟರೂ ಬರುತ್ತದೆ. ಕುಕ್ಕರಹಳ್ಳಿ ಕೆರೆಯ ಮಂಜಿನ ಬೆಳಗಿನ ನೆಗೆಟಿವ್‌ಗೆಲ್ಲ ಇದು ಬೇಕಿಲ್ಲ, ಅಲ್ಲಿ 3ನೇ ಗ್ರೇಡ್ ಹಾಕಿ ಒಂದೇ ಎಕ್ಸ್‌ಪೋಷರ್ ಕೊಟ್ಟರೆ ಕೆಲಸ ಮುಗಿಯಿತು. ಸ್ಪ್ಲಿಟ್ ಗ್ರೇಡಿನ ನಿಜವಾದ ಲಾಭ ಇರುವುದು ಒಂದೇ ಹಾಳೆಯ ಬೇರೆ ಬೇರೆ ಜಾಗಕ್ಕೆ ಬೇರೆ ಬೇರೆ ಗ್ರೇಡ್ ಕೊಡಬಹುದು ಅನ್ನುವುದರಲ್ಲಿ. ಆಲೆಮನೆಯ ನೆಗೆಟಿವ್ ಕೇಳುತ್ತಿದ್ದದ್ದು ಇದನ್ನೇ.

ಮಾಡಿದ್ದು ಹೀಗೆ. 00ರಲ್ಲಿ ಇಡೀ ಹಾಳೆಗೆ 11 ಸೆಕೆಂಡ್. ಇಷ್ಟಕ್ಕೆ ಡೆವಲಪ್ ಮಾಡಿ ನೋಡಿದರೆ ಎಲ್ಲವೂ ಮಬ್ಬು, ಆದರೆ ಹಬೆಯ ತೆಳು ಅಂಚುಗಳು ಬಂದಿರುತ್ತವೆ. ಆಮೇಲೆ 5ರಲ್ಲಿ 8 ಸೆಕೆಂಡ್, ತೊಲೆಗಳಿಗೆ ಗಟ್ಟಿ ಕಪ್ಪು ಬರಲಿ ಅಂತ. ಈ 8 ಸೆಕೆಂಡಿನಲ್ಲೇ ತಂತಿಯ ತುದಿಗೆ ಅಂಟಿಸಿದ ಸಣ್ಣ ರಟ್ಟಿನ ತುಂಡನ್ನು ಆ ಅಣ್ಣನ ಮುಖದ ಮೇಲೆ ಆಡಿಸುತ್ತಾ 2 ಸೆಕೆಂಡ್ ಬೆಳಕು ತಡೆದೆ. ಕೈ ನಿಲ್ಲಿಸಬಾರದು, ನಿಲ್ಲಿಸಿದರೆ ಮುಖದ ಸುತ್ತ ಗೆರೆ ಬೀಳುತ್ತದೆ. ಕೆನ್ನೆಯ ಕತ್ತಲು ಬದಿ ತೆರೆದುಕೊಂಡಿತು, ಹಣೆಯ ಬೆವರು ಹಾಗೇ ಉಳಿಯಿತು. ಕೊನೆಗೆ ಮತ್ತೆ 00 ಹಾಕಿ, ರಟ್ಟಿನಲ್ಲಿ ಮಾಡಿದ ತೂತಿನ ಮೂಲಕ ಹಬೆಯ ತೀರಾ ಬಿಳಿ ಜಾಗಕ್ಕೆ ಮಾತ್ರ 6 ಸೆಕೆಂಡ್ ಜಾಸ್ತಿ. ಹೀಗೆ ಒಂದು ಜಾಗಕ್ಕೆ ಮಾತ್ರ ಜಾಸ್ತಿ ಬೆಳಕು ಕೊಡುವುದಕ್ಕೆ ಬರ್ನ್ ಅನ್ನುತ್ತಾರೆ. 00ರಲ್ಲಿ ಬರ್ನ್ ಮಾಡಿದರೆ ಬಿಳಿ ಜಾಗಕ್ಕೆ ಮೆತ್ತಗೆ ಬೂದು ಸೇರುತ್ತದೆ, ಪಕ್ಕದಲ್ಲಿರುವ ಕಪ್ಪು ಅಷ್ಟಾಗಿ ಏರುವುದಿಲ್ಲ. ಇದನ್ನೇ 5ರಲ್ಲಿ ಮಾಡಿದ್ದರೆ ಹಬೆ ಬಿಳಿಯಾಗೇ ಉಳಿದು ಹಿಂದಿನ ಗೋಡೆ ಮಾತ್ರ ಮಸಿಯಾಗುತ್ತಿತ್ತು. ಕೊಪ್ಪರಿಗೆಯ ಮೇಲೆ ಹಬೆ ಸುರುಳಿ ಸುರುಳಿಯಾಗಿ ಏಳುವುದು ಈಗ ಕಾಣುತ್ತದೆ, ಅದರ ಹಿಂದೆ ತೊಲೆಯ ಗಂಟುಗಳೂ ಕಾಣುತ್ತವೆ.

ಪೇಪರ್ ಯಾವುದು? ಅಭ್ಯಾಸಕ್ಕೆ, ಕಾಂಟ್ಯಾಕ್ಟ್ ಶೀಟಿಗೆ (ನೆಗೆಟಿವ್‌ಗಳನ್ನು ಪೇಪರಿನ ಮೇಲೇ ಇಟ್ಟು ತೆಗೆಯುವ ಪ್ರಿಂಟ್) ಪ್ಲಾಸ್ಟಿಕ್ ಲೇಪದ ಆರ್‌ಸಿ ಪೇಪರ್ ಸಾಕು, 2 ನಿಮಿಷ ತೊಳೆದರೆ ಆಯಿತು. ಗೋಡೆಗೆ ಹಾಕುವ, ಯಾರಿಗಾದರೂ ಕೊಡುವ ಪ್ರಿಂಟ್ ಆದರೆ ನಾನು ಪ್ಲಾಸ್ಟಿಕ್ ಲೇಪವಿಲ್ಲದ ಫೈಬರ್ ಪೇಪರನ್ನೇ ಹಿಡಿಯುತ್ತೇನೆ. ಕಪ್ಪಿನ ಆಳ, ಮೇಲ್ಮೈ, ಕೈಯಲ್ಲಿ ಹಿಡಿದಾಗಿನ ತೂಕ ಎಲ್ಲವೂ ಬೇರೆ. ಆದರೆ ಒಂದು ವಿಷಯ: ಫೈಬರ್ ಒಣಗಿದ ಮೇಲೆ ಒಂದು ಕಳೆ ಕಪ್ಪಾಗುತ್ತದೆ. ಟ್ರೇಯಲ್ಲಿ ಒದ್ದೆಯಾಗಿದ್ದಾಗ ಹೊಳೆಯುತ್ತಿದ್ದ ಬಿಳಿ ಬೆಳಗ್ಗೆ ನೋಡಿದರೆ ಮಂಕು. ಅದಕ್ಕೇ ಟೆಸ್ಟ್ ಸ್ಟ್ರಿಪ್ಪನ್ನು ಹೇರ್ ಡ್ರೈಯರಿನಲ್ಲಿ ಪೂರ್ತಿ ಒಣಗಿಸಿ ನೋಡಿ, ಆಮೇಲೆ ಹೊತ್ತು ತೀರ್ಮಾನಿಸಿ. ಸಾಮಾನ್ಯವಾಗಿ ನೂರಕ್ಕೆ 5ರಿಂದ 10ರಷ್ಟು ಕಡಿಮೆ ಮಾಡಬೇಕಾಗುತ್ತದೆ.

ನಮ್ಮೂರಲ್ಲಿ ಫೈಬರ್ ಪೇಪರಿನ ದೊಡ್ಡ ತಲೆನೋವು ನೀರು. ಬರೀ ನೀರಲ್ಲಿ ತೊಳೆದರೆ ಒಂದು ಗಂಟೆ ಹರಿಯುವ ನೀರು ಬೇಕು. ಬೇಸಿಗೆಯಲ್ಲಿ, ನಲ್ಲಿ ನೀರು ಬರುವ ಹೊತ್ತು ನೋಡಿಕೊಂಡು ಬಿಂದಿಗೆ ತುಂಬಿಸುವ ಊರಿನಲ್ಲಿ ಒಂದು ಗಂಟೆ ನೀರು ಹರಿಯಬಿಡುವುದಕ್ಕೆ ಮನಸ್ಸು ಒಪ್ಪುವುದಿಲ್ಲ. ನಾನು ಇಲ್ಫರ್ಡಿನವರೇ ಹೇಳುವ ಕ್ರಮ ಅನುಸರಿಸುತ್ತೇನೆ: ಚಿತ್ರವನ್ನು ಬೆಳಕಿಗೆ ಕೆಡದ ಹಾಗೆ ಮಾಡುವ ರಾಪಿಡ್ ಫಿಕ್ಸರ್ 1+4ರಲ್ಲಿ (1 ಪಾಲು ಫಿಕ್ಸರ್, 4 ಪಾಲು ನೀರು) 1 ನಿಮಿಷ ಮಾತ್ರ, 5 ನಿಮಿಷ ತೊಳೆಯುವುದು, ಫಿಕ್ಸರ್ ಬೇಗ ಬಿಡಿಸುವ ವಾಶ್‌ಏಡ್‌ ದ್ರಾವಣದಲ್ಲಿ 10 ನಿಮಿಷ, ಮತ್ತೆ 5 ನಿಮಿಷ ತೊಳೆಯುವುದು. ಫಿಕ್ಸರ್‌ನಲ್ಲಿ ಕಡಿಮೆ ಹೊತ್ತು ಇದ್ದರೆ ಅದು ಕಾಗದದ ನಾರಿನೊಳಕ್ಕೆ ಜಾಸ್ತಿ ಇಳಿಯುವುದಿಲ್ಲ, ಆದ್ದರಿಂದ ಬೇಗ ಹೊರಗೆ ಬರುತ್ತದೆ. ಅಜ್ಜಿ-ತಾತನ ಮದುವೆ ಫೋಟೋಗಳಲ್ಲಿ ಕೆಲವು ಕಂದಿ ಹಳದಿಯಾಗಿರುತ್ತವೆ, ಕೆಲವು ಇಂದಿಗೂ ಗಟ್ಟಿಯಾಗಿರುತ್ತವೆ, ಗಮನಿಸಿದ್ದೀರಾ? ಎಷ್ಟೋ ಸಲ ಅದಕ್ಕೆ ಕಾರಣ ಪೇಪರಿನಲ್ಲೇ ಉಳಿದುಹೋದ ಹೈಪೊ, ಅಂದರೆ ಫಿಕ್ಸರ್.

ಇನ್ನು ಬಿಸಿ. ಪೇಪರಿನಲ್ಲಿ ಚಿತ್ರ ಮೂಡಿಸುವ ಡೆವಲಪರ್ ದ್ರಾವಣ 20 ಡಿಗ್ರಿ ಇರಬೇಕು, ಏಪ್ರಿಲ್ ಮಧ್ಯಾಹ್ನ ಮೈಸೂರಿನಲ್ಲಿ ಮೇಲಿನ ಟ್ಯಾಂಕಿನ ನೀರು ಮುಟ್ಟಿದರೆ ಕೈ ಚುರ್ರೆನ್ನುತ್ತದೆ. ರಾತ್ರಿ ಊಟ ಆದಮೇಲೆ ಕೆಲಸ ಶುರು ಮಾಡಿ, ಡೆವಲಪರ್ ಟ್ರೇಯನ್ನು ಐಸ್ ನೀರಿನ ದೊಡ್ಡ ಟ್ರೇಯೊಳಗೆ ಇಡಿ. ಫೈಬರ್ ಪೇಪರಿಗೆ ಡೆವಲಪರಿನಲ್ಲಿ 2 ನಿಮಿಷ ಪೂರ್ತಿ ಕೊಡಿ. ಕಪ್ಪಾಗುತ್ತಿದೆ ಅಂತ ಮಧ್ಯದಲ್ಲೇ ಎತ್ತಿಬಿಟ್ಟರೆ ಮಬ್ಬು, ಮಚ್ಚೆ.

ಡಾರ್ಕ್‌ರೂಮಿನಲ್ಲಿ ಪೇಪರ್ ಕೆಡದ ಹಾಗೆ ಹಾಕಿಕೊಳ್ಳುವ ಕೆಂಪು ಬಲ್ಬಿನ ಬಗ್ಗೆ ಒಂದು ಮಾತು. ಅಂಗಡಿಯ ಅಲಂಕಾರದ ಕೆಂಪು ಎಲ್‌ಇಡಿಗಳಲ್ಲಿ ಕೆಲವು ಬೇರೆ ಬಣ್ಣವನ್ನೂ ಸೋರಿಸುತ್ತವೆ. ಪೇಪರಿನ ತುಂಡಿಗೆ ಎನ್‌ಲಾರ್ಜರಿನಿಂದ (ನೆಗೆಟಿವ್ ಮೂಲಕ ಪೇಪರಿಗೆ ಬೆಳಕು ಬೀಳಿಸುವ ಯಂತ್ರ) ತೆಳು ಬೂದು ಬರುವಷ್ಟು ಬೆಳಕು ಕೊಟ್ಟು, ಅದರ ಮೇಲೆ ಒಂದು ನಾಣ್ಯ ಇಟ್ಟು, ಕೆಂಪು ದೀಪದಡಿ 5 ನಿಮಿಷ ಬಿಟ್ಟು ಡೆವಲಪ್ ಮಾಡಿ. ನಾಣ್ಯದ ಗುರುತು ಕಂಡರೆ ಆ ಬಲ್ಬ್ ಬೇಡ.

ಟೋನಿಂಗ್, ಅಂದರೆ ಪ್ರಿಂಟನ್ನು ರಾಸಾಯನಿಕದಲ್ಲಿಟ್ಟು ಬಣ್ಣದ ಛಾಯೆ ಬದಲಿಸುವ ವಿಷಯದಲ್ಲಿ ನನಗೆ ಸೆಲೀನಿಯಂ ಇಷ್ಟ. 1+19ರ ಆಸುಪಾಸಿನಲ್ಲಿ ಕೆಲವು ನಿಮಿಷ ಇಟ್ಟರೆ ಕಪ್ಪು ಇನ್ನೂ ಒಂದು ಮೆಟ್ಟಿಲು ಆಳವಾಗುತ್ತದೆ, ಆಲೆಮನೆಯ ಮಸಿಗೆ ಅದು ಹೇಳಿ ಮಾಡಿಸಿದ ಹಾಗಿದೆ. ಇದು ವಿಷ, ಗ್ಲೌಸ್ ಹಾಕಿ, ಕಿಟಕಿ ತೆಗೆದಿಡಿ, ಅಡುಗೆಮನೆಯ ಪಾತ್ರೆ ಬಳಸಲೇಬೇಡಿ. ವಿಶೇಷ ಲಿತ್ ಡೆವಲಪರಿನಲ್ಲಿ ಮಾಡುವ ಲಿತ್ ಪ್ರಿಂಟ್ ಚೆಂದವೇ, ಆದರೆ ಪ್ರತಿ ಹಾಳೆಯೂ ಬೇರೆ ಥರ ಬರುತ್ತದೆ, ಕಲಿಯುವಾಗ ಅದು ಬೇಡ.

ಕೊನೆಯದಾಗಿ ದುಡ್ಡು. ಫೈಬರ್ ಪೇಪರ್ ಇಲ್ಲಿ ಸುಲಭಕ್ಕೆ ಸಿಗುವುದಿಲ್ಲ, ತರಿಸಿದರೆ ಸಾಗಣೆ, ಸುಂಕ ಎಲ್ಲ ಸೇರಿ ದುಬಾರಿ. ಮೈಸೂರು, ಮಂಡ್ಯ ಕಡೆ ಡಾರ್ಕ್‌ರೂಮ್ ಇಟ್ಟುಕೊಂಡಿರುವವರು ಮೂರ್ನಾಲ್ಕು ಜನ ಸೇರಿ 8×10 ಅಳತೆಯ 100 ಹಾಳೆಯ ಡಬ್ಬ ತರಿಸಿ ಹಂಚಿಕೊಂಡರೆ ಒಬ್ಬೊಬ್ಬರ ಮೇಲೆ ಬೀಳುವ ಹೊರೆ ಕಡಿಮೆ. ಹಂಚುವುದು ಮಾತ್ರ ಕೆಂಪು ದೀಪದಡಿಯೇ ಆಗಬೇಕು, ಕಪ್ಪು ಕವರ್ ಮನೆಯಿಂದ ತನ್ನಿ.