ಹೋಗುವವರ ಕಾಗದ ಯಾರ ಕೈಯಲ್ಲಿರಬೇಕು?

ಫುಟ್‌ಬಾಲ್ ನೋಡುವವರಿಗೆ ಬೆಲ್ಜಿಯಂನ ಆಟಗಾರ ಜೀನ್-ಮಾರ್ಕ್ ಬೋಸ್ಮನ್ ಹೆಸರು ಗೊತ್ತಿರುತ್ತೆ. ಅವರ ಕೇಸಿನ ತೀರ್ಪು ಓದಿದವರು ಕಡಿಮೆ. ಹಾಸನದ ಕೋರ್ಟಿನಲ್ಲಿ ನಾನು ನಡೆಸುವುದು ಜಾಸ್ತಿ ಕೆಲಸಗಾರರ ಕೇಸುಗಳನ್ನೇ. ಹಾಗಾಗಿ ಅದನ್ನು ಓದುವಾಗ ಆಟ ನೆನಪಿಗೇ ಬರಲಿಲ್ಲ.

1990ರಲ್ಲಿ ಬೆಲ್ಜಿಯಂನ ಲೀಜ್ ಕ್ಲಬ್ ಜೊತೆ ಬೋಸ್ಮನ್ ಅವರ ಕರಾರು ಮುಗಿಯಿತು. ಬೋನಸ್ ಸೇರಿ ತಿಂಗಳಿಗೆ ಸರಾಸರಿ 1,20,000 ಫ್ರಾಂಕ್ ಬರುತ್ತಿತ್ತು. ಹೊಸ ಕರಾರಿಗೆ ಕ್ಲಬ್ 30,000 ಕೊಡುತ್ತೇನೆ ಅಂದಿತು. ಅವರು ಒಪ್ಪಲಿಲ್ಲ. ಫ್ರಾನ್ಸಿನ ಡಂಕರ್ಕ್ ಕ್ಲಬ್ ಕರೆಯಿತು, ಮಾತುಕತೆಯೂ ಮುಗಿಯಿತು. ಆದರೆ ಆಟಗಾರನನ್ನು ಬಿಟ್ಟುಕೊಡುವುದಕ್ಕೆ ಕೊಡಬೇಕಾದ ಹಣವನ್ನು ಡಂಕರ್ಕ್ ಕಟ್ಟುತ್ತೋ ಇಲ್ಲವೋ ಎಂಬ ಅನುಮಾನದಿಂದ ಲೀಜ್ ಕ್ಲಬ್, ಹೊಸ ಕ್ಲಬ್ಬಿನಲ್ಲಿ ಆಡಲು ಬೇಕಾದ ವರ್ಗಾವಣೆ ಸರ್ಟಿಫಿಕೇಟ್ ಕಳಿಸಿಕೊಡಿ ಎಂದು ಬೆಲ್ಜಿಯಂ ಫೆಡರೇಷನ್ನಿಗೆ ಕೇಳಲೇ ಇಲ್ಲ. ಮೇಲಿಂದ ಅವರನ್ನು ಸಸ್ಪೆಂಡ್ ಮಾಡಿತು. ಕರಾರು ಮುಗಿದ ಮನುಷ್ಯನನ್ನು!

1995ರ ಡಿಸೆಂಬರ್ 15ರಂದು ಯುರೋಪಿನ ನ್ಯಾಯಾಲಯ ಆಟಗಾರನೂ ಕೆಲಸಗಾರನೇ ಅಂತ ಹೇಳಿತು. ಕರಾರು ಮುಗಿದ ಮೇಲೆ ಅವನು ಯುರೋಪ್ ಒಕ್ಕೂಟದ ಇನ್ನೊಂದು ದೇಶದ ಕ್ಲಬ್ಬಿಗೆ ಹೋದರೆ ಹಳೆ ಕ್ಲಬ್ ಅದಕ್ಕೆ ಹಣ ಕೇಳುವ ಹಾಗಿಲ್ಲ. ಹುಡುಗರನ್ನು ತಯಾರು ಮಾಡಲು ಖರ್ಚಾಗುತ್ತೆ ಅಂತ ಕ್ಲಬ್ಬುಗಳು ವಾದಿಸಿದ್ದವು. ಖರ್ಚಾಗುವುದು ನಿಜ. ಹಾಗಂತ ಆಟಗಾರನ ದಾರಿ ಕಟ್ಟುವುದು ಸರಿಯಲ್ಲ ಅನ್ನುವುದು ತೀರ್ಪಿನ ತಿರುಳು.

ಅದೇ ಸರ್ಟಿಫಿಕೇಟ್ ಮತ್ತೆ ಫ್ರಾನ್ಸಿನ ಆಟಗಾರ ಲಸಾನಾ ದಿಯಾರಾ ಅವರನ್ನು ಕಾಡಿತು. 2014ರಲ್ಲಿ ರಷ್ಯಾದ ಲೊಕೊಮೊಟಿವ್ ಮಾಸ್ಕೋ ಕ್ಲಬ್, ಕರಾರು ಮುರಿದದ್ದು ಅವರೇ ಅಂತ ಹೇಳಿ ಅವರ ಕರಾರು ರದ್ದು ಮಾಡಿತು. ಒಂದು ಕೋಟಿ ಐದು ಲಕ್ಷ ಯೂರೋ ಪರಿಹಾರದ ಹೊರೆ ಅವರ ಮೇಲೆ ಬಿತ್ತು. ಆಗಿನ ಫೀಫಾ ನಿಯಮದ ಪ್ರಕಾರ ಆ ಹಣಕ್ಕೆ ಹೊಸ ಕ್ಲಬ್ಬೂ ಹೊಣೆಯಾಗುತ್ತಿತ್ತು, ತಗಾದೆ ಇರುವಾಗ ಸರ್ಟಿಫಿಕೇಟನ್ನೂ ತಡೆಹಿಡಿಯಬಹುದಿತ್ತು! ಬೆಲ್ಜಿಯಂನ ಶಾರ್ಲರ್‌ವಾ ಕ್ಲಬ್ ಕರೆದರೂ ಈ ಭಯಕ್ಕೆ ಕೆಲಸ ಕೈತಪ್ಪಿತು. 2024ರ ಅಕ್ಟೋಬರ್ 4ರಂದು ಅದೇ ನ್ಯಾಯಾಲಯ ಆ ನಿಯಮಗಳು ಕಾನೂನಿಗೆ ವಿರುದ್ಧ ಅಂದಿತು. ಆಮೇಲೆ ಫೀಫಾ ನಿಯಮ ಬದಲಿಸಬೇಕಾಯಿತು.

ನಮ್ಮಲ್ಲಿ ಇದು ದಿನಾ ನಡೆಯುತ್ತೆ, ಅಲ್ವಾ? ಆಲೂರು ಕಡೆಯ ಹುಡುಗನೊಬ್ಬ ನನ್ನ ಹತ್ತಿರ ಬಂದಿದ್ದಾನೆ. ಕೆಲಸ ಬಿಟ್ಟಿದ್ದಾನೆ, ಬೇರೆ ಕಡೆ ಕೆಲಸವೂ ಸಿಕ್ಕಿದೆ. ಆದರೆ ಅವನ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಹಳೆ ಕಂಪನಿಯ ಬೀರುವಿನಲ್ಲಿದೆ. ರಿಲೀವಿಂಗ್ ಲೆಟರ್ ಕೇಳಿದರೆ ಬಾಂಡ್ ದುಡ್ಡು ಕಟ್ಟು ಅನ್ನುತ್ತಾರೆ. ಜೆರಾಕ್ಸ್ ಕಾಪಿ ಹಿಡಿದು ಅವನು ಓಡಾಡುತ್ತಿದ್ದಾನೆ, ಹೊಸ ಕಂಪನಿ ಕಾಯುತ್ತಾ ಕೂರುವುದಿಲ್ಲ.

1872ರ ನಮ್ಮ ಕರಾರು ಕಾಯಿದೆಯ 27ನೇ ಕಲಂ, ಒಬ್ಬರ ಉದ್ಯೋಗಕ್ಕೆ ಅಡ್ಡ ಬರುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು ಅನ್ನುತ್ತೆ. ಬಾಂಡ್‌ಗಳೆಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ದುಡ್ಡು ಬರಬೇಕಿದ್ದರೆ ದಾವೆ ಹಾಕಲಿ, ಲೆಕ್ಕ ತೋರಿಸಲಿ. ಮಾರ್ಕ್ಸ್ ಕಾರ್ಡ್ ಒತ್ತೆ ಇಟ್ಟುಕೊಳ್ಳುವುದು ಯಾವ ನ್ಯಾಯ? ನಾವು ನೋಟಿಸ್ ಕಳಿಸಿದ್ದೇವೆ. ಅದರಲ್ಲಿ ಮೊದಲು ಕೇಳಿರುವುದೇ ಆ ಕಾರ್ಡನ್ನು.